ನೀರು ಎಂದು ಕೂಗಬೇಕಿತ್ತು

ಅಣ್ಣ ನನಗೆ ಕೂಗಲು ಹೇಳಿದ್ದು ಒಂದೇ ಮಾತು. ನಾನು ಅದನ್ನು ಕೂಗಲಿಲ್ಲ.

ಈ ಸಂಕ್ರಾಂತಿಗೆ ತವರೂರು ಹೆಗ್ಗನಹಳ್ಳಿಗೆ ಹೋಗಿದ್ದೆ. ಸಂಜೆ ಟಾರು ರಸ್ತೆಯ ಮೇಲೆಯೇ ಹುಲ್ಲು ಹರಡಿ ದನಗಳಿಗೆ ಕಿಚ್ಚು ಹಾಯಿಸಿದರು. ಸುಟ್ಟ ಹುಲ್ಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಕೈಯಲ್ಲಿದ್ದ ಎಳ್ಳುಬೆಲ್ಲದ ತಟ್ಟೆಯನ್ನು ಕೆಳಗಿಟ್ಟೆ...

ಅಣ್ಣ ಪೇಟೆಯಲ್ಲಿ ಫೈರ್ ಇಂಜಿನ್ನಿನ ಜೊತೆ ಹೋಗಿ ಬೆಂಕಿ ಆರಿಸುವ ಕೆಲಸದಲ್ಲಿದ್ದ. ನನ್ನ ಮದುವೆಗೆ ಮುಂಚಿನ ಮಾತು, ಆಗ ರಾಜಾಜಿನಗರದಲ್ಲಿ ಇನ್ನೂ ಸೈಟು ಅಳೆಯುತ್ತಿದ್ದರು. ನಮ್ಮೂರಿನಲ್ಲಿ ಹುಲ್ಲಿನ ಮಾಡುಗಳೇ ಹೆಚ್ಚು. ಆ ವರ್ಷ ಹಬ್ಬಕ್ಕೆ ಮೊದಲೇ ರಜೆ ಹಾಕಿ ಬಂದವನು ಊರೆಲ್ಲ ಸುತ್ತಿದ. ಬೂದಿ ತೂರಿ ಗಾಳಿ ಯಾವ ಕಡೆಗೆಂದು ನೋಡಿದ. ಬಾವಿಯ ಹಗ್ಗಗಳನ್ನು ಜಗ್ಗಿ ನೋಡಿದ. ಕಿಚ್ಚಿನ ಕಿಡಿ ಮಾಡಿಗೆ ಬಿದ್ದರೆ ಪೇಟೆಯಿಂದ ಇಂಜಿನ್ನು ಮಾಗಡಿ ರಸ್ತೆ ಹಿಡಿದು ಬರುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ, ಅಲ್ಲಿಯವರೆಗೆ ನಾವೇ ನೋಡಿಕೊಳ್ಳಬೇಕು ಎಂದು ಪಟೇಲರನ್ನು ಒಪ್ಪಿಸಿದ. ಬಿಂದಿಗೆ ಹಿಡಿದು ಬಾವಿಯಿಂದ ಸಾಲಾಗಿ ನಿಲ್ಲಲು ಗಂಡಸರನ್ನು ಗೊತ್ತುಮಾಡಿದ. ಒಂದೊಂದು ಹುಲ್ಲಿನ ಮೆದೆಗೂ ಒಬ್ಬೊಬ್ಬರ ಕಾವಲು. ನಮ್ಮ ಕೊಟ್ಟಿಗೆಯ ಪಕ್ಕದ ಮೆದೆ ನನ್ನ ಪಾಲಿಗೆ ಬಂತು.

"ಅವತ್ತು ಊರೆಲ್ಲ ಕಿಚ್ಚು, ಬೆಂಕಿ ಅಂತಾನೇ ಕೂಗ್ತಿರುತ್ತೆ ಕಣೇ. ಕಿಡಿ ಬಿದ್ರೆ ನೀನು 'ನೀರು' ಅಂತ ಕೂಗು. ಆ ಮಾತು ಕೇಳಿದ್ರೇನೇ ಸಾಲಿನವ್ರು ಬಿಂದಿಗೆ ಎತ್ಕೊಂಡು ಬರೋದು," ಎಂದ ಅಣ್ಣ.

ಪಕ್ಕದ ಮನೆಯ ಗೆಳತಿಗೆ ಇದನ್ನು ಹೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಹಬ್ಬದ ದಿನ ನೀರು ನೀರು ಅಂತ ಬಾಯಿ ಬಡ್ಕೊಂಡ್ರೆ, ನಿನ್ನ ನೋಡೋಕೆ ಬಂದೋರು ಹುಡುಗಿಗೆ ದೆವ್ವ ಮೆಟ್ಕಂಡದೆ ಅಂತಾರೆ ಕಣೇ!"

ಆಗ ನನಗೆ ಗಂಡು ನೋಡುತ್ತಿದ್ದರು. ಲಗ್ಗೆರೆಯಿಂದ ಗಂಡಿನ ಕಡೆಯವರು ಹಬ್ಬಕ್ಕೆಂದೇ ಬಂದಿದ್ದರು.

ಎತ್ತುಗಳು ಕಿಚ್ಚು ಹಾಯುತ್ತಿದ್ದಾಗ ಗಾಳಿ ತಿರುಗಿತು. ಉರಿಯುವ ಹುಲ್ಲಿನ ಎಳೆಯೊಂದು ತೇಲಿಬಂದು ಮೆದೆಯ ನೆತ್ತಿಯ ಮೇಲೆ ಕೂತಿತು. ಸಣ್ಣಗೆ ಹೊಗೆ. ಗಂಡಿನ ತಾಯಿ ಜಗಲಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು. ನಾಲಿಗೆಯ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಸೆರಗಿನಿಂದ ಬಡಿದೆ, ಎಟುಕಲಿಲ್ಲ. ಉರಿ ಎದ್ದಾಗ ಬಾಯಿಂದ ಬಂದದ್ದು "ಕಿಚ್ಚು! ಕಿಚ್ಚು!"

"ಕಿಚ್ಚೋ ಕಿಚ್ಚು!" ಎಂದು ಆ ಕಡೆಯಿಂದ ಗಂಡಸರೆಲ್ಲ ಕೇಕೆ ಹಾಕಿದರು. ಒಬ್ಬರೂ ಬಿಂದಿಗೆ ಮುಟ್ಟಲಿಲ್ಲ.

ಕೊಟ್ಟಿಗೆಯ ಮಾಡಿಗೆ ಬೆಂಕಿ ಹತ್ತಿದ್ದನ್ನು ಅಣ್ಣನೇ ಕಂಡು ಓಡಿಬಂದ. ಒಳಗೆ ಕಟ್ಟಿದ್ದ ಕರು ಅರಚುತ್ತಿತ್ತು. ಅದರ ಹಗ್ಗ ಬಿಚ್ಚುವಾಗ ಉರಿಯುವ ಜಂತೆ ಅವನ ಬಲಗೈ ಮೇಲೆ ಬಿತ್ತು. ಕರು ಉಳಿಯಿತು. ಆ ಕೈ ಮತ್ತೆ ಪೈಪು ಹಿಡಿಯಲಿಲ್ಲ. ಕೆಲಸವೂ ಹೋಯಿತು.

"ಏನ್ ಕಾವಲೋ, ಏನ್ ಸಾಲೋ! ನಿನ್ನ ನೀರು ಯಾರಿಗಯ್ಯಾ ಕೇಳಿಸ್ತು?" ಎಂದು ಪಟೇಲರು ಎಲ್ಲರೆದುರು ಆಡಿಕೊಂಡರು.

"ಇವಳು ಕೂಗಿರ್ತಾಳೆ. ಗದ್ದಲದಲ್ಲಿ ಕೇಳಿಸಿರಲ್ಲ," ಎಂದ ಅಣ್ಣ, ಕೈಗೆ ಕಟ್ಟಿದ್ದ ಬಟ್ಟೆಯನ್ನು ನೋಡುತ್ತ. "ಅಲ್ವೇನೇ?"

ನಾನು ಹೌದೆಂದು ತಲೆಯಾಡಿಸಿದೆ.

ಲಗ್ಗೆರೆಯ ಆ ಮನೆಗೇ ಸೊಸೆಯಾದೆ. ಊರಿನವರು ಅಣ್ಣನ ಬಿಂದಿಗೆಯ ಸಾಲಿನಲ್ಲಿ ಮತ್ತೆ ನಿಲ್ಲಲಿಲ್ಲ. ಅವನು ಮಾತ್ರ ಪ್ರತಿ ಸಂಕ್ರಾಂತಿಗೂ ಎಡಗೈಯಲ್ಲೇ ಬಿಂದಿಗೆ ತುಂಬಿ ಓಣಿಯ ಬಾಯಲ್ಲಿ ಇಡುತ್ತಿದ್ದ. ನಗುವವರು ನಗುತ್ತಿದ್ದರು...

ಹೋದ ವರ್ಷ ಅವನು ತೀರಿಕೊಂಡ. ಈ ಸಲ ಓಣಿಯ ಬಾಯಲ್ಲಿ ಬಿಂದಿಗೆ ಇರಲಿಲ್ಲ. ನಲ್ಲಿಯಲ್ಲಿ ತುಂಬಿ ನಾನೇ ಹೊತ್ತು ತಂದಿಟ್ಟೆ. ರಸ್ತೆಯ ತುಂಬ ಹುಡುಗರ ಕೇಕೆ. ನನ್ನ ಮಾತು ಯಾರಿಗೂ ಕೇಳಿಸುವಂತಿರಲಿಲ್ಲ. ಆದರೂ ಕೂಗಿಯೇ ಹೇಳಿದೆ.

"ಅಣ್ಣಾ, ನಾನು ಕೂಗ್ಲಿಲ್ಲ ಕಣಣ್ಣ. ನೀರು ಅಂತ ಕೂಗ್ಲೇ ಇಲ್ಲ. ತಪ್ಪಾಯ್ತು."