ನಾನು ಮಡಿಯಾದ ಸಂಜೆ

ಎಂಬತ್ತರ ದಶಕದ ಮುಳಬಾಗಿಲಿನಲ್ಲಿ ಮಕ್ಕಳಿಗೆ ಕಾಲುನೋವು ಬಂದರೆ ಮೊದಲು ಹರಳೆಣ್ಣೆ, ಆಮೇಲೆ ಬೈಗುಳ, ಕೊನೆಗೆ ಡಾಕ್ಟರು. ಒಂದು ಬೇಸಿಗೆ ರಜೆಯಲ್ಲಿ ನನ್ನ ಎಡಸೊಂಟದ ಕೀಲು ಈ ಮೂರನ್ನೂ ಕ್ರಮವಾಗಿ ಕಂಡಿತು. ಕುಂಟಾಬಿಲ್ಲೆಯಲ್ಲಿ ಆಗ ನಾನೇ ಗೆಲ್ಲುತ್ತಿದ್ದೆ. "ವೀಡು ಎಪ್ಪುಡೂ ಕುಂಟುತಾನೇ ಉಂಟಾಡು, ಸೇರಿಸ್ಕೋಬೇಡ್ರೋ" ಎಂದು ಪಕ್ಕದ ಮನೆಯ ಸೀನ ತೆಲುಗು ಬೆರೆಸಿ ಆಕ್ಷೇಪಣೆ ಎತ್ತಿದ. ಸದಾ ಕುಂಟುವವನು ಆಟಕ್ಕೆ ಅನರ್ಹ ಎಂಬುದು ಅವನ ಕಾನೂನು.

ಕೋಲಾರದ ಡಾಕ್ಟರು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿ ಕೈಗೆ ಸೂಜಿಮದ್ದು ಚುಚ್ಚಿ, ಹೊಟ್ಟೆ ತುಂಬ ನೀರು ಕುಡಿಸಿ, ಗಂಟೆಗಟ್ಟಲೆ ಕಾಯಿಸಿ, ದೊಡ್ಡ ಕ್ಯಾಮರಾದಡಿ ಮಿಸುಕದಂತೆ ಮಲಗಿಸಿದರು. ಮದ್ದು ರಕ್ತದ ಜೊತೆ ಮೂಳೆ ಸೇರಿ ಚಿತ್ರದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತದಂತೆ. ನನ್ನ ಇಡೀ ಅಸ್ಥಿಪಂಜರ ಕಂಡಿತು. ಎಡತೊಡೆಮೂಳೆಯ ತಲೆ ಮಾತ್ರ ಖಾಲಿ.

"ಅಲ್ಲಿಗೆ ರಕ್ತ ಹೋಗ್ತಿಲ್ಲ. ಮತ್ತೆ ಬರಬಹುದು. ಬರದೆ ಇದ್ರೆ ಕುಂಟು ಉಳ್ಕೊಳ್ಳುತ್ತೆ. ಅಲ್ಲೀವರೆಗೆ ಎಡಗಾಲು ಊರೋ ಹಾಗಿಲ್ಲ" ಎಂದರು ಡಾಕ್ಟರು. "ಇವತ್ತೊಂದು ದಿನ ಗರ್ಭಿಣಿಯರು, ಕೈಗೂಸುಗಳಿಂದ ಹುಡುಗನ್ನ ದೂರ ಇಡಿ. ಮೈಯಲ್ಲಿ ಆ ಮದ್ದಿದೆ, ಅದರಿಂದ ವಿಕಿರಣ ಬರ್ತಿರುತ್ತೆ."

ದೂರ ಇಡುವುದನ್ನು ನಮ್ಮ ಮನೆಗೆ ಯಾರೂ ಕಲಿಸಬೇಕಿರಲಿಲ್ಲ. ಅಜ್ಜಿ ಮಡಿಸೀರೆ ಉಟ್ಟಳೆಂದರೆ ಅಡುಗೆಮನೆಯ ಹೊಸ್ತಿಲಿಂದಾಚೆ ನಾವೆಲ್ಲ ಪರದೇಶದವರು. ಸಂಜೆ ಬಸ್ಸಿಳಿದ ಅಪ್ಪ ನನ್ನನ್ನು ಎತ್ತಿ ತಂದು ಹಜಾರದ ಚಾಪೆಯ ಮೇಲೆ ಕೂರಿಸಿದರು. ಗರ್ಭಿಣಿಯರಿಗೆ ಹೇಳಿದ್ದನ್ನು ಮನೆಮಂದಿಗೆಲ್ಲ ಅನ್ವಯಿಸಿ ಆಜ್ಞೆ ಹೊರಡಿಸಿದರು. ನನಗೆ ಬೇರೆ ಲೋಟ, ಬೇರೆ ಮೂಲೆ. ಮೊದಲ ಸಲ ಒಂದು ಹುದ್ದೆ ಸಿಕ್ಕಂತಾಯಿತು.

ಹುಳಿಯ ಒಗ್ಗರಣೆಯ ಘಮದೊಂದಿಗೆ ಅಜ್ಜಿ ಹೊಸ್ತಿಲಿಗೆ ಬಂದಳು.

"ಏನಂದ್ರೋ ಡಾಕ್ಟ್ರು?"

ಅಪ್ಪ ಹೇಳಿದರು. 'ಕುಂಟು' ಎನ್ನುವಲ್ಲಿ ನನ್ನ ಕಡೆ ನೋಡದೆ ಚಾಪೆಯ ಅಂಚು ಸರಿಪಡಿಸಿದರು.

ಅಜ್ಜಿ ಹೊಸ್ತಿಲು ದಾಟಿದಳು.

"ದೂರ ಇರು ಅಜ್ಜಿ, ನಾನು ಮಡೀಲಿದೀನಿ" ಎಂದೆ, ಅಧಿಕಾರಕ್ಕೆ ತಕ್ಕ ಗಾಂಭೀರ್ಯದಿಂದ.

"ನಿನ್ನ ಮಡಿಗಿಷ್ಟು ಬೆಂಕಿ ಹಾಕ, ಸುಮ್ನಿರು. ಯಾವ ಕಡೆನೋ?"

"ಎಡಗಡೆ."

ಮಡಿಸೀರೆಯಲ್ಲೇ ನನ್ನನ್ನು ತೊಡೆಗೆಳೆದುಕೊಂಡು, ಎಡಸೊಂಟದ ಮೇಲೆ ಅಂಗೈಯಿಟ್ಟು ಕೂತಳು. ಒಳಗೆ ಹುಳಿ ತಳ ಹಿಡಿದ ವಾಸನೆ ಬಂತು. ಅವಳು ಏಳಲಿಲ್ಲ.

ಮೂಳೆಗೆ ರಕ್ತ ನಿಧಾನಕ್ಕೆ ಮರಳಿ ಬಂತು. ಅದರ ಕೀರ್ತಿ ಕಾಲಕ್ಕೂ, ಕಾಲಿಗೆ ಕಟ್ಟಿದ್ದ ಕಬ್ಬಿಣದ ಕ್ಯಾಲಿಪರಿಗೂ ಸೇರಬೇಕೆಂದು ಡಾಕ್ಟರು ಹೇಳಿದರೂ ಅಜ್ಜಿ ಒಪ್ಪಲಿಲ್ಲ. ಈಗ ನೆಟ್ಟಗೆ ನಡೆಯುತ್ತೇನೆ. ಮನೆಯಲ್ಲಿ ಮಡಿಯೂ ಇಲ್ಲ. ಯಾರು ಯಾರನ್ನು ಬೇಕಾದರೂ ಮುಟ್ಟಬಹುದು. ಮುಟ್ಟುವುದಿಲ್ಲ, ಅಷ್ಟೆ.