ಕೊಂಬಿನ ಮೀನು

ಪುಣೆಯಲ್ಲಿ ಕಾಲೇಜು ಓದುವಾಗ ನಾನು ಸೋದರತ್ತೆಯ ಮನೆಯಲ್ಲಿದ್ದೆ. ಕಟ್ಟಾ ಮಡಿಯ ಮನೆ. ಅಲ್ಲಿ ಮೀನಿನ ಹೆಸರೆತ್ತಿದರೂ ಬಾಯಿ ತೊಳೆಯಬೇಕಿತ್ತು. ಒಮ್ಮೆ ಚಿತ್ರ ಬರೆದು ಮುಗಿಸಲೆಂದು ಪ್ರಯೋಗಶಾಲೆಯ ಒಣಗಿದ ಕಡಲಮೀನೊಂದನ್ನು ಕದ್ದು ತಂದು ಟ್ರಂಕಿನಲ್ಲಿಟ್ಟೆ. ಗೇಣುದ್ದದ ಅದಕ್ಕೆ ಪೆಟ್ಟಿಗೆಯಂಥ ಗಟ್ಟಿ ಮೈ, ಹಣೆಯಲ್ಲಿ ಎತ್ತಿನಂತೆ ಎರಡು ಕೊಂಬು. ಹುಳ ಹತ್ತದಿರಲೆಂದು ಪಾಷಾಣ ಸವರಿದ್ದರು. ಮುಟ್ಟಿದ ಕೈ ಬಾಯಿಗೆ ಹೋಗಬಾರದೆಂದು ಮಾಸ್ತರರು ಎಚ್ಚರಿಸಿದ್ದರು. ಗೊತ್ತಾದರೆ ಮನೆಯಿಂದ ಹೊರಹಾಕುತ್ತಾರೆಂದು ಸಂಜೆಯೆಲ್ಲ ಟ್ರಂಕು ಬಿಟ್ಟು ಏಳಲಿಲ್ಲ.

ಮರುದಿನ ಸ್ನಾನ ಮುಗಿಸಿ ಬಂದರೆ ಅದು ದೇವರ ಮನೆಯಲ್ಲಿ, ಲಿಂಗದ ಎದುರು, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

“ಇಂಥಾ ಛಲೋ ನಂದೀನ ಟ್ರಂಕಿನಾಗ ಇಡತಾರೇನೋ?” ಎಂದರು ಅತ್ತೆ. ಅದಕ್ಕೂ ಅಭಿಷೇಕವಾಗಿತ್ತು. ಮಾವ ಆ ನೀರನ್ನೇ ತೀರ್ಥವೆಂದು ಹಿಡಿದ ಅಂಗೈಯನ್ನು ಬಾಯಿಗೆ ಒಯ್ಯುತ್ತಿದ್ದರು.

ನಾನು ಕೂಗಿದೆ. “ಕುಡೀಬ್ಯಾಡ್ರಿ ಮಾಮಾ! ಅದಕ್ಕ ಪಾಷಾಣ ಹಚ್ಚ್ಯಾರ!”

ಮಾವ ಕೈ ಕೊಡವಿದರು. ಅತ್ತೆ ನನ್ನನ್ನೇ ದಿಟ್ಟಿಸಿದರು. “ನಂದಿಗೆ ಯಾರರ ಪಾಷಾಣ ಹಚ್ಚತಾರೇನೋ?”

ವಿಷವೆಂದು ಕೂಗಿದ ಬಾಯಿಗೆ ಮೀನು ಎನ್ನುವ ಧೈರ್ಯ ಬರಲಿಲ್ಲ.