ಭಾಲ್ಕಿಯ ಗೋಲ್‌ಕೀಪರಿಗೆ ಹೋದ ಇನಾಮು

ನನ್ನ ತಮ್ಮನಿಗೆ ನಾನೊಂದು ಅನ್ಯಾಯ ಮಾಡಿದ್ದೇನೆ. ಫುಟ್‌ಬಾಲ್ ಆಟದಲ್ಲಿ ಅವನಿಗೆ ಬರಬೇಕಿದ್ದ ಇನಾಮನ್ನು ಬೇರೆಯವನಿಗೆ ಕೊಟ್ಟೆ. ಅಂಥ ಆಟವೇ ನಡೆದಿರಲಿಲ್ಲ, ಆ ಬೇರೆಯವನು ಹುಟ್ಟಿಯೂ ಇರಲಿಲ್ಲ. ಆದರೂ ಅನ್ಯಾಯ ಅನ್ಯಾಯವೇ. ಯಾಕೆ ಹಾಗೆ ಮಾಡಿದೆ ಎಂದು ಅವನಿಗೆ ಇವತ್ತಿನವರೆಗೂ ಹೇಳಿಲ್ಲ.

ಮಳೆ ಕೈಕೊಟ್ಟ ವರ್ಷಗಳವು. ದೀಪಾವಳಿ ಮುಗಿಯಿತೆಂದರೆ ಔರಾದ ಕಡೆಯ ನಮ್ಮ ಊರಿನಲ್ಲಿ ಅರ್ಧ ಮನೆಗಳಿಗೆ ಬೀಗ ಬೀಳುತ್ತಿತ್ತು. ಅಪ್ಪ, ಅವ್ವ ಕಟ್ಟಡದ ಕೆಲಸಕ್ಕೆ ಹೈದರಾಬಾದಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾನು, ತಮ್ಮ ಮತ್ತು ಆಯಿ, ಅಂದರೆ ಅಪ್ಪನ ತಾಯಿ. ನಾನು ಐದನೆಯ ತರಗತಿಗೇ ಸಾಲೆ ಬಿಟ್ಟವಳು. ತಮ್ಮ ಓದುತ್ತಿದ್ದಾನೆಂದು ಅವ್ವ ತಿಳಿದಿದ್ದಳು. ನಿಜ ಹೇಳಬೇಕೆಂದರೆ, ನೀರಿನ ಟ್ಯಾಂಕರ್ ಬರುವ ದಿನ ನಾನು ಅವನನ್ನು ಸಾಲೆಗೆ ಕಳಿಸದೆ ಕೊಡಗಳ ಪಾಳಿಯಲ್ಲಿ ನಿಲ್ಲಿಸುತ್ತಿದ್ದೆ. ಟ್ಯಾಂಕರ್ ಯಾವ ದಿನ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ದಿನಾಲೂ ನಿಲ್ಲಿಸುತ್ತಿದ್ದೆ.

ಭಾನುವಾರ ಸಂಜೆ ಕಿರಾಣಿ ದುಕಾನಿನ ಫೋನಿಗೆ ಅವ್ವನ ಕರೆ ಬರುತ್ತಿತ್ತು. ಹೈದರಾಬಾದ್ ದೂರ, ಆದ್ದರಿಂದ ಕೂಗಿ ಮಾತನಾಡಬೇಕು ಎಂಬುದು ನಮ್ಮೂರಿನವರ ನಂಬಿಕೆ. ಅವರವರ ಕರೆಗಾಗಿ ಕಾಯುತ್ತ ಕುಳಿತವರೆಲ್ಲ ಪರರ ಮನೆಯ ಸುದ್ದಿಯನ್ನು ಪೂರ್ತಿ ಕೇಳಿಯೇ ಏಳುತ್ತಿದ್ದರು. ಅಂಥದೊಂದು ಭಾನುವಾರ ಅವ್ವ ಕೇಳಿದಳು, "ತಮ್ಮ ಸಾಲಿಗಿ ಹೋಗ್ಲತ್ತಾನೇನ?"

ಆ ಹೊತ್ತಿಗೇ ಸಾಲೆಯ ಮಾಸ್ತರರು ಸೋಪು ಕೊಳ್ಳಲು ಬಂದು ನಿಂತಿದ್ದರು. ಅವರು ನನ್ನನ್ನು ನೋಡಿದರು. ದುಕಾನಿನ ಕಾಕಾ ಅವರನ್ನು ನೋಡಿದ. ನನ್ನ ಕೈಯಲ್ಲಿ ಶೇಂಗಾ ಕಟ್ಟಿಕೊಟ್ಟ ಹಳೆಯ ಪೇಪರಿನ ತುಂಡಿತ್ತು. ಅದರಲ್ಲಿ ಮೂವರು ಹುಡುಗರು ಚೆಂಡಿನ ಮೇಲೆ ಕಾಲಿಟ್ಟು ನಿಂತ ಚಿತ್ರ, ಕೆಳಗೆ ಈ ಸಲದ ಲೀಗಿನ ಪ್ರಶಸ್ತಿಗೆ ಇವರ ಹೆಸರು ಬಂದಿದೆ ಎಂಬ ಸಾಲು. ಕಣ್ಣಿಗೆ ಬಿದ್ದದ್ದು ಬಾಯಿಗೆ ಬಂತು.

"ಹೋಗ್ತಿದ್ದ ಅವ್ವಾ. ಈಗ ಫುಟ್‌ಬಾಲಿಗಿ ತೊಗೊಂಡಾರ. ಬೀದರ, ಭಾಲ್ಕಿ, ಔರಾದ, ಎಲ್ಲಾ ಕೂಡಿ ದೊಡ್ಡ ಲೀಗ್ ನಡ್ದದ."

ಆ ವರ್ಷ ಮಾಸ್ತರರೂ ಸಾಲೆಗೆ ದಿನಾಲೂ ಬರುತ್ತಿರಲಿಲ್ಲ. ನಾನು ಅದನ್ನು ಕೂಗಿ ಹೇಳಿಯೇನು ಎಂದು ಅಂಜಿದರೋ ಏನೋ, ಸೋಪು ಹಿಡಿದು ನಡೆದುಬಿಟ್ಟರು.

ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಮುಂದಿನ ಭಾನುವಾರ ಅವ್ವ ಮೊದಲು ಕೇಳಿದ್ದೇ "ಗೆದ್ದನಾ?" ಎಂದು. ದುಕಾನಿನಲ್ಲಿ ಕುಳಿತವರೂ ಮಾತು ನಿಲ್ಲಿಸಿದರು.

"ಗೆದ್ದ. ಎರಡು ಗೋಲ್ ಹೊಡ್ದ, ಒಂದು ಕ್ಯಾಚ್ ಹಿಡ್ದ," ಎಂದೆ.

"ಏ ಪೋರಿ, ಕೈಲೆ ಹಿಡ್ದ್ರ ಫೌಲ್ ಕೊಡ್ತಾರ," ಎಂದ ಕಾಕಾ.

"ಹಿಡ್ದಿದ್ದು ನಮ್ಮವ ಅಲ್ರಿ ಕಾಕಾ, ಭಾಲ್ಕಿ ಗೋಲ್‌ಕೀಪರ್."

ಭಾಲ್ಕಿಯ ಗೋಲ್‌ಕೀಪರ್ ಹುಟ್ಟಿದ್ದು ಹೀಗೆ. ನಾನು ಅವನನ್ನು ಕುಳ್ಳಗೆ ಇರಿಸಿದ್ದೆ. ಭಾಲ್ಕಿಗೆ ಜೀಪು ಹೊಡೆಯುವವನೊಬ್ಬ "ಅವ ಕುಳ್ಳ ಎಲ್ಲಿ ಹಾನ? ನಾ ನೋಡೀನಿ, ತೆಂಗಿನ ಗಿಡ ಇದ್ದಾಂಗ ಹಾನ," ಎಂದುಬಿಟ್ಟ. ಅಂದಿನಿಂದ ಗೋಲ್‌ಕೀಪರ್ ಎತ್ತರವಾದ. ಆಟಗಾರರಿಗೆ ಹೆಸರಿಡಲು ಮಾತ್ರ ನಾನು ಹೋಗಲಿಲ್ಲ. ಹೆಸರಿಟ್ಟರೆ ಯಾರಿಗಾದರೂ ಬೀಗರ ಪೈಕಿ ಆಗಿಬಿಡುತ್ತಾನೆ. ನೌಬಾದದ ತಂಡ, ಭಾಲ್ಕಿಯ ತಂಡ, ನಮ್ಮದು, ಅಷ್ಟೂರಿನದು. ಯಾರಾದರೂ ಸೋಲಬೇಕಲ್ಲ, ಅದಕ್ಕೆ ಅಷ್ಟೂರಿನವರು ಸೋಲುತ್ತಿದ್ದರು.

ಪಂದ್ಯದ ದಿನ ಊರಲ್ಲಿ ತಮ್ಮ ಕಾಣಿಸಬಾರದಲ್ಲ. ನಮ್ಮ ಮನೆಯ ಮುಂದೆ ನೆಲದೊಳಗೆ ಜೋಳ ತುಂಬಿಡುವ ಹಗೇವು ಇತ್ತು. ಎರಡು ವರ್ಷದಿಂದ ಅದರಲ್ಲಿ ಜೋಳ ಇರಲಿಲ್ಲ. ಶನಿವಾರ ಬೆಳಿಗ್ಗೆ ಅವನನ್ನು ಅದರೊಳಗೆ ಇಳಿಸುತ್ತಿದ್ದೆ. ಆಯಿ ಮೇಲಿನಿಂದ ರೊಟ್ಟಿ ಇಳಿಬಿಡುತ್ತಿದ್ದಳು. ಸಂಜೆ ಮೈಯೆಲ್ಲ ಮಣ್ಣಾಗಿ ಹೊರಗೆ ಬರುತ್ತಿದ್ದ. ಆಡಿ ಬಂದವನ ಹಾಗೆಯೇ ಕಾಣುತ್ತಿದ್ದ. ಬಂದವನೇ ಕೇಳುತ್ತಿದ್ದ, "ಅಕ್ಕಾ, ಇವತ್ತು ಗೆದ್ದೆವೇನ?"

ಮೊದಮೊದಲು ನಗುತ್ತ ಕೇಳುತ್ತಿದ್ದ. ಆಮೇಲೆ ನಗು ನಿಂತಿತು. ನಾನು "ಸೋತಿರಿ" ಎಂದ ದಿನ ಸರಿಯಾಗಿ ಉಣ್ಣುತ್ತಿರಲಿಲ್ಲ.

ಯುಗಾದಿಗೆ ಅಪ್ಪ, ಅವ್ವ ಬರುವವರಿದ್ದರು. ಅದರೊಳಗೆ ಲೀಗು ಮುಗಿಸಬೇಕೆಂದು ಆ ಪೇಪರಿನ ತುಂಡನ್ನು ನೆನೆದು, ವರ್ಷದ ಒಳ್ಳೆಯ ಆಟಗಾರನ ಇನಾಮಿಗೆ ಮೂವರನ್ನು ಆರಿಸಿದ್ದಾರೆ ಎಂದು ಸಾರಿದೆ. ನನ್ನ ತಮ್ಮ, ಭಾಲ್ಕಿಯ ಗೋಲ್‌ಕೀಪರ್, ಮತ್ತು ತಲೆಯಿಂದಲೇ ಗೋಲ್ ಹೊಡೆಯುವ ನೌಬಾದದವ. ದುಕಾನು ಮೂರು ಪಾಲಾಯಿತು. ಸೋತವರು ಚಹಾ ಕುಡಿಸಬೇಕೆಂದು ಪಂಥ ಕಟ್ಟಿದರು. ಅಷ್ಟೂರಿಗೆ ಮಗಳನ್ನು ಕೊಟ್ಟಿದ್ದ ಮುದುಕನೊಬ್ಬ ಮಾತ್ರ ಸಿಟ್ಟಾದ.

"ಅಷ್ಟೂರಿನವರು ಏನ್ ಪಾಪ ಮಾಡ್ಯಾರ? ಅವರ್ದೊಂದು ಹೆಸರು ಯಾಕಿಲ್ಲ?"

"ಅವರು ಎಲ್ಲಾ ಮ್ಯಾಚ್ ಸೋತಾರ ಮುತ್ಯಾ."

"ಸೋತ್ರೇನಾಯ್ತು? ಮರ್ಯಾದಸ್ಥ ಮಂದಿ."

ಕೊನೆಗೆ ಅಷ್ಟೂರಿನವರಿಗೆ ಒಳ್ಳೆಯ ನಡತೆಯ ಇನಾಮು ಎಂದು ಅಲ್ಲಿಯೇ ಕೊಟ್ಟುಬಿಟ್ಟೆ. ಮುದುಕ ಎಲ್ಲರಿಗೂ ಎಲೆ ಅಡಿಕೆ ಹಂಚಿದ.

ತಮ್ಮ ನೀರಿನ ಪಾಳಿಯಲ್ಲಿ ನಿಂತು ಕೇಳಿದ, "ಅಕ್ಕಾ, ಇನಾಮ ನನಗೇ ಅಲ್ಲಾ?"

"ಕಮಿಟಿ ಅದ. ಅವರು ಏನಂತಾರೋ."

"ಕಮಿಟಿ ಅಂದ್ರ ಯಾರು?"

"ನಾನೇ."

ಅವನು ಖುಷಿಯಿಂದ ತನ್ನ ಖಾಲಿ ಕೊಡವನ್ನು ಕಾಲಿನಿಂದ ಮುಂದೆ ತಳ್ಳಿದ. ಮನೆಯಲ್ಲಿ ಆಯಿಯ ಹಿತ್ತಾಳೆ ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಲ್ಲುವುದನ್ನೂ ಅಭ್ಯಾಸ ಮಾಡಿದ. ಅವನಿಗೆ ಬೇಕಾಗಿದ್ದುದು ಒಂದೇ. ಇನಾಮು ತನಗೆ ಬಂತು ಎಂಬ ಮಾತು ಫೋನಿನಲ್ಲಿ ಅವ್ವನ ಕಿವಿಗೆ ಬೀಳಬೇಕು.

ಆ ಭಾನುವಾರ ತಲೆಗೆ ಎಣ್ಣೆ ಹಚ್ಚಿ ಬೈತಲೆ ತೆಗೆದು ಬಂದು ಸೀಮೆಎಣ್ಣೆ ಡ್ರಮ್ಮಿನ ಪಕ್ಕ ನಿಂತ. ಫೋನ್ ಬಂತು. ಅವ್ವ ಶುರುಮಾಡಿದಳು. "ಅವನ ಕಾಲು ಹ್ಯಾಂಗ ಹಾವ? ಹಾಲು ಕುಡಿಸ್ಲತ್ತೀಯೇನ? ಇನ್ಮ್ಯಾಲೆ ಅವನ ಕೊಡ ನೀನೇ ಹೊರು. ಆಟಗಾರಂದು ಕಾಲು ಅವು."

ಅಷ್ಟು ತಿಂಗಳಲ್ಲಿ ನೀ ಹೇಗಿದ್ದಿ ಎಂದು ಅವ್ವ ನನ್ನನ್ನು ಕೇಳಿರಲಿಲ್ಲ. ನಾನೇ ಹುಟ್ಟಿಸಿದ ಆಟಗಾರನ ಕೊಡ ನಾನೇ ಹೊರಬೇಕು.

"ಇನಾಮ ಭಾಲ್ಕಿ ಗೋಲ್‌ಕೀಪರಿಗಿ ಬಂತು ಅವ್ವಾ," ಎಂದು ಹೈದರಾಬಾದಿಗೆ ಕೇಳುವಂತೆ ಕೂಗಿದೆ.

ದುಕಾನಿನಲ್ಲಿ ಗದ್ದಲವೆದ್ದಿತು. ಜೀಪಿನವನು ತೊಡೆ ತಟ್ಟಿದ. "ಯಾಕ? ನಮ್ಮವ ಇಷ್ಟು ಗೋಲ್ ಹೊಡ್ದಿಲ್ಲೇನ?" ಎಂದಳು ಅವ್ವ.

"ಅವನಿಗಿ ತಾಯಿ ಇಲ್ಲ."

ಅದು ಎಲ್ಲಿಂದ ಬಂತೋ ಗೊತ್ತಿಲ್ಲ. ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು. "ಪಾಪ. ಚಲೋ ಆಯ್ತು ಬಿಡು. ಅವನಿಗಿ ಕೊಟ್ಟಿದ್ದೇ ಬರೋಬ್ಬರಿ," ಎಂದಳು.

ತಮ್ಮ ಡ್ರಮ್ಮಿನ ಹತ್ತಿರ ಇರಲಿಲ್ಲ. ಮನೆಗೆ ಬಂದು ನೋಡಿದರೆ ಪಂದ್ಯವಿಲ್ಲದ ದಿನ ತಾನೇ ಹಗೇವಿನೊಳಗೆ ಇಳಿದು ಕುಳಿತಿದ್ದ. ಬಾಗಿ ಕರೆದೆ.

"ಇಲ್ಲದ ಲೀಗಿನ್ಯಾಗೂ ನನಗ ಕೊಡ್ಲಿಲ್ಲ ನೋಡು," ಎಂದಿತು ಒಳಗಿನ ದನಿ.

ಮುಂದಿನ ವಾರ ಸರಿಪಡಿಸಲು ಹೋದೆ. ಕಮಿಟಿ ಮತ್ತೊಮ್ಮೆ ಕೂಡಿದೆ, ಲೆಕ್ಕ ತಪ್ಪಾಗಿತ್ತಂತೆ ಎಂದೆ. ದುಕಾನಿನವರು ಒಪ್ಪಲಿಲ್ಲ. "ತಾಯಿ ಇಲ್ಲದ ಹುಡುಗನ ಕೈಯಾಂದು ಕಸಗೋತೀರೇನ? ಫೈಸಲಾ ಅಂದ್ರ ಫೈಸಲಾ. ಚಹಾ ಸುದ್ದಾ ಕುಡ್ದು ಆಗ್ಯದ," ಎಂದ ಕಾಕಾ. ಕುಡಿದ ಚಹಾದ ಮುಂದೆ ನನ್ನ ಕಮಿಟಿ ನಡೆಯಲಿಲ್ಲ.

ಅಪ್ಪನಿಗೆ ಕೆಲಸದಿಂದ ಬಿಡುವು ಸಿಗದೆ ಯುಗಾದಿಗೆ ಅವ್ವ ಒಬ್ಬಳೇ ಬಂದಳು. ಬಂದವಳೇ ನನ್ನ ತಲೆ ಬಗ್ಗಿಸಿ ನೋಡಿದಳು. ಕೊಡ ಹೊತ್ತು ನೆತ್ತಿಯ ಕೂದಲು ಸವೆದಿತ್ತು. ಎಣ್ಣೆ ತಿಕ್ಕುತ್ತ, "ಫೋನಿನ್ಯಾಗ ನಿನಗ ಏನೂ ಕೇಳ್ತಿರ್ಲಿಲ್ಲ ನಾ. ಕೇಳಿದ್ರ ನೀ ಅಳ್ತಿ. ದುಕಾನ್ದಾಗ ಮಂದಿ ಇರ್ತಾರ," ಎಂದಳು. ಆಗ ನನಗೆ ಹಗೇವಿನೊಳಗೆ ಇಳಿದು ಕೂರಬೇಕೆನಿಸಿತು.

ಆಮೇಲೆ ಗಂಟಿನಿಂದ ಒಂದು ಅಂಗಿ ತೆಗೆದಳು. ಕೆಂಪು ಬಣ್ಣದ್ದು, ಬೆನ್ನ ಮೇಲೆ ಅಂಕಿ ಇತ್ತು. ತಮ್ಮನ ಮುಖ ಅರಳಿತು.

"ಭಾಲ್ಕಿ ಹುಡುಗಗ ತಂದೀನಿ. ತಾಯಿ ಇಲ್ಲದ ಕೂಸು," ಎಂದು ಅಳತೆಗೆ ತಮ್ಮನ ಮೈಮೇಲೆ ಹಿಡಿದು ನೋಡಿದಳು. "ಇವನಷ್ಟೇ ಹಾನಲ್ಲಾ?"

"ಅವ ತೆಂಗಿನ ಗಿಡದಷ್ಟು ಹಾನಂತ," ಎಂದ ತಮ್ಮ, ಬೇರೆ ಕಡೆ ನೋಡುತ್ತ.

ನಮ್ಮವರು ಬೀದರಿಗೆ ಹೋಗಿ ರೈಲು ಹತ್ತುವುದು ರೂಢಿ. ಹಬ್ಬ ಮುಗಿದು ಹೊರಡುವಾಗ ಅವ್ವ ಭಾಲ್ಕಿಯಿಂದಲೇ ಹತ್ತುತ್ತೇನೆಂದು ಹಟ ಹಿಡಿದಳು. ಕಳಿಸಲು ನಾವಿಬ್ಬರೂ ಹೋದೆವು. ಸ್ಟೇಷನ್ನಿನಲ್ಲಿ ಅಂಗಿ ನನ್ನ ಕೈಗಿಟ್ಟು, "ಕರ್ಕೊಂಡು ಬಾ ಅವನಿಗಿ. ಮಾರಿ ನೋಡ್ತೇನಿ," ಎಂದಳು.

"ಅವ ಪ್ರಾಕ್ಟೀಸಿನ್ಯಾಗ ಇರ್ತಾನ. ಬಿಡಂಗಿಲ್ಲ," ಎಂದೆ.

"ಹಂಗಾದ್ರ ಜಲ್ದಿ ಕೊಟ್ಟು ಬರ್ರಿ. ಗಾಡಿ ಬರ್ತದ."

ಸ್ಟೇಷನ್ನಿನ ಹಿಂದೆ, ಕಬ್ಬಿನ ಟ್ರ್ಯಾಕ್ಟರುಗಳು ನಿಂತಿದ್ದ ಕಡೆ ಹೋಗಿ, "ನೀ ಹಾಕ್ಕೋ," ಎಂದೆ.

"ಅದು ನಂದಲ್ಲ. ಯಾಕ ಕೊಡ್ಲಿಲ್ಲ ಇನಾಮ? ಖರೇ ಹೇಳು."

ಹೊಟ್ಟೆಕಿಚ್ಚಿನಿಂದ ಎಂದು ಹೇಳಬೇಕಿತ್ತು. ಮೂರು ಮಾರು ದೂರದಲ್ಲಿ ಟ್ರ್ಯಾಕ್ಟರಿನವನೊಬ್ಬ ಬೀಡಿ ಸೇದುತ್ತಿದ್ದ, ಅವನನ್ನು ಬಿಟ್ಟರೆ ಕೇಳುವವರೂ ಇರಲಿಲ್ಲ. "ಓಟು ಕಡಿಮಿ ಬಿದ್ವು," ಎಂದೆ.

ಅವನು ನನ್ನನ್ನೇ ನೋಡಿದ. ಆಮೇಲೆ ತನ್ನ ಅಂಗಿ ಬಿಚ್ಚಿ, ಕೆಂಪು ಅಂಗಿ ತೊಟ್ಟು, ಅದರ ಮೇಲೆ ತನ್ನದನ್ನು ಹಾಕಿಕೊಂಡು ಕುತ್ತಿಗೆಯವರೆಗೆ ಗುಂಡಿ ಹಚ್ಚಿದ. ಬಿಸಿಲು ಕಾದ ಹಂಚಿನಂತಿತ್ತು.

ಪ್ಲಾಟ್‌ಫಾರಂನಲ್ಲಿ ಅವ್ವ ಅವನ ಹಣೆ ಮುಟ್ಟಿದಳು. "ಯಾಕ ಹಿಂಗ ಬೆವರ್ಲತ್ತಾನ ಇವ?"

"ಓಡಿ ಬಂದೆವು," ಎಂದೆ.

"ಅಂಗಿ ಬರೋಬ್ಬರಿ ಆಯ್ತೇನ ಆ ಕೂಸಿಗಿ?"

ತಮ್ಮ ತೋಳು ಮೈಗೆ ಒತ್ತಿ ಹಿಡಿದಿದ್ದ. "ಬಗಲಾಗ ಸ್ವಲ್ಪ ಬಿಗಿ ಆಯ್ತವ್ವಾ. ಆದ್ರ ಹಾಕ್ಕೊಂಡಾನ," ಎಂದ. ಅವ್ವನಿಗೆ ಅಷ್ಟೇ ಸಾಕಾಯಿತು. ರೈಲು ಹತ್ತಿದ ಮೇಲೂ ಕಿಟಕಿಯಿಂದ ಊರಿನ ಕಡೆ ನೋಡುತ್ತಿದ್ದಳು. ಆ ಹುಡುಗನಿಗಾಗಿ ಇರಬೇಕು.

ಔರಾದಿಗೆ ಮರಳುವ ಬಸ್ಸು ತುಂಬಿತ್ತು. ತಮ್ಮ ಎರಡೂ ಅಂಗಿಯಲ್ಲಿ ಬೇಯುತ್ತ ಕುಳಿತ.

"ಅವ್ವ ಹೋದಳಲ್ಲ. ಮ್ಯಾಲಿಂದು ತಗೀ, ಸೆಕಿಗಿ ಸಾಯ್ತಿ," ಎಂದೆ.

"ಒಳಗಿಂದು ನಂದಲ್ಲ. ಮಂದಿ ನೋಡ್ತಾರ," ಎಂದ.

ಅದು ನಿನ್ನದೇ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಕಿಟಕಿಯ ಗಾಜು ಪೂರ್ತಿ ಸರಿಸಿ, ಎದ್ದು, ಗಾಳಿ ಬರುವ ನನ್ನ ಜಾಗದಲ್ಲಿ ಅವನನ್ನು ಕೂರಿಸಿದೆ.